ಜಪಾನಿನಲ್ಲಿ ಬಿಡಿಸಿದ ರಾಮಾಯಣ ದೊಡ್ಡ ಪರದೆಯಲ್ಲಿ: ಚಿತ್ರ ಸೂಪರ್, ಕನ್ನಡ ಮಾತ್ರ ಇಲ್ಲ

ಮೊದಲೇ ಹೇಳಿಬಿಡುತ್ತೇನೆ. 'ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ' ಮತ್ತೆ ಯಾವತ್ತಾದರೂ ನಿಮ್ಮ ಊರಿನ ಥಿಯೇಟರ್‌ಗೆ ಬಂದರೆ ಬಿಡಬೇಡಿ. ಇಂಗ್ಲಿಷ್ ಶೋಗೆ ಟಿಕೆಟ್ ತೆಗೆದುಕೊಳ್ಳಿ, ಮಧ್ಯದ ಸಾಲಿನಲ್ಲಿ ಕೂತುಕೊಳ್ಳಿ. ಟಿವಿಯಲ್ಲಿ ಎಷ್ಟು ಸಲ ನೋಡಿದ್ದರೂ ಸರಿ, ಈ ಸಿನಿಮಾವನ್ನು ನಾವು ಪೂರ್ತಿಯಾಗಿ ನೋಡಿಯೇ ಇರಲಿಲ್ಲ ಎಂದು ನನಗೆ ಗೊತ್ತಾಗಿದ್ದು ಥಿಯೇಟರ್‌ನಲ್ಲಿ. ಚಿತ್ರದ ಬಗ್ಗೆ ನನಗೆ ದೂರಿಲ್ಲ. ದೂರು ಇರುವುದು ಅದನ್ನು ನಮಗೆ ಕೊಟ್ಟ ರೀತಿಯ ಬಗ್ಗೆ. ಅದನ್ನೂ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಇರಲಿ.

ಗೊತ್ತಿಲ್ಲದವರಿಗೆ: ಇದು 1993ರ ಕಾರ್ಟೂನ್ ಸಿನಿಮಾ. ಜಪಾನಿನ ಯೂಗೋ ಸಾಕೋ ಇದರ ಕನಸು ಕಂಡು ಕಟ್ಟಿದವರು. ಅವರ ಜೊತೆ ಕೋಯಿಚಿ ಸಸಾಕಿ ಮತ್ತು ನಮ್ಮ ರಾಮ್ ಮೋಹನ್ ನಿರ್ದೇಶನ ಮಾಡಿದ್ದಾರೆ. ಎರಡೂಕಾಲು ಗಂಟೆಯ ಚಿತ್ರ. ಪ್ರಚಾರದಲ್ಲಿ ಹೇಳಿದ ಹಾಗೆ ಸುಮಾರು 450 ಕಲಾವಿದರು, ಹತ್ತಿರ ಹತ್ತಿರ 1 ಲಕ್ಷ ಕೈಯಿಂದ ಬಿಡಿಸಿದ ಸೆಲ್‌ಗಳು, ಅಂದರೆ ಪಾರದರ್ಶಕ ಹಾಳೆಯ ಮೇಲಿನ ಚಿತ್ರಗಳು. ಕಂಪ್ಯೂಟರ್ ಗ್ರಾಫಿಕ್ಸ್ ಬಂದು ಎಲ್ಲವನ್ನೂ ಬದಲಿಸುವುದಕ್ಕೆ ಮುಂಚಿನ ಕೆಲಸ. ಇದನ್ನು ಹೆಚ್ಚು ಸ್ಪಷ್ಟವಾದ 4ಕೆ ಗುಣಮಟ್ಟಕ್ಕೆ ಏರಿಸಿ 2024ರ ಅಕ್ಟೋಬರ್‌ನಲ್ಲಿ ಹಬ್ಬದ ಹೊತ್ತಿಗೆ ಬಿಡುತ್ತೇವೆ ಎಂದಿದ್ದರು. ಮುಂದಕ್ಕೆ ಹೋಗಿ ಕೊನೆಗೆ 2025ರ ಜನವರಿ 24ಕ್ಕೆ ಬಂತು. ಇಂಗ್ಲಿಷ್, ಹಿಂದಿ, ತಮಿಳು, ತೆಲುಗು. ಅಷ್ಟೇ. ಆಗಿನಿಂದ ನಮ್ಮ ಗೆಳೆಯರ ಗುಂಪಿನಲ್ಲಿ ಇದರ ಬಗ್ಗೆ ಚರ್ಚೆ ನಿಂತಿಲ್ಲ. ಯಾವ ಧ್ವನಿ ಚೆನ್ನ, ಹಳೆಯದೇ ಇರಬೇಕಿತ್ತಾ, ಮಕ್ಕಳಿಗೆ ತೋರಿಸಬಹುದಾ ಎಂದು ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆ, ಎರಡು ಸಾವಿರದ ಶುರುವಿನಲ್ಲಿ ಕೇಬಲ್ ಇದ್ದ ಮನೆಯ ಮಕ್ಕಳಿಗೆ ಈ ಚಿತ್ರ ಹೇಗೆ ಸಿಕ್ಕಿತು ಎಂಬುದು ಎಲ್ಲರಿಗೂ ನೆನಪಿದೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಹಬ್ಬದ ದಿನ ಹಾಕುತ್ತಿದ್ದರು. ನಡುವೆ ಜಾಹೀರಾತು, ಜೊತೆಗೆ ಕರೆಂಟ್ ಹೋಗುವುದು. ಶುರು ನೋಡಿದವರಿಗೆ ಕೊನೆ ಸಿಗುತ್ತಿರಲಿಲ್ಲ. ಕೊನೆ ನೋಡಿದವರಿಗೆ ತಾಟಕಿ ಸಿಕ್ಕಿರುತ್ತಿರಲಿಲ್ಲ. ಆಮೇಲೆ ಅಂತರ್ಜಾಲದಲ್ಲಿ ಮಸುಕು ಮಸುಕಾದ ಪ್ರತಿಗಳು ಓಡಾಡಿದವು. ಮುಖ ಕಂದು ಬಣ್ಣ, ಆಕಾಶವೂ ಕಂದು ಬಣ್ಣ. ನಮ್ಮ ತಲೆಯಲ್ಲಿ ಉಳಿದಿದ್ದು ಆ ಬಣ್ಣದ ಸಿನಿಮಾನೇ.

ಹಾಗಾಗಿ ಥಿಯೇಟರ್‌ನಲ್ಲಿ ಮೊದಲು ಹೊಡೆದದ್ದು ಬಣ್ಣ. ಕಾಡಿನ ಹಸಿರಿನಲ್ಲಿ ಎಷ್ಟೊಂದು ಹಸಿರುಗಳಿವೆ ಎಂದರೆ, ವನವಾಸದ ದೃಶ್ಯಗಳಲ್ಲಿ ನಾನು ರಾಮನನ್ನು ಬಿಟ್ಟು ಹಿಂದಿನ ಮರಗಳನ್ನೇ ನೋಡುತ್ತಾ ಕೂತಿದ್ದೆ. ದೊಡ್ಡ ಪರದೆಯಲ್ಲಿ ಕುಂಚ ಎಳೆದ ಗುರುತು ಕಾಣುತ್ತದೆ. ಎಲೆಯ ಅಂಚಿನಲ್ಲಿ ಬಣ್ಣ ಸ್ವಲ್ಪ ಹರಡಿದ್ದು, ಬಂಡೆಯ ನೆರಳಿಗೆ ಎರಡನೇ ಸಲ ಬಣ್ಣ ಕೊಟ್ಟಿದ್ದು ಎಲ್ಲ ಕಾಣುತ್ತದೆ. ಹಳೆಯ ಚಿತ್ರಗಳನ್ನು ಹೊಸದು ಮಾಡುತ್ತೇವೆ ಎಂದು ಹೊರಟವರು ಇಂಥದ್ದನ್ನೆಲ್ಲ ಉಜ್ಜಿ ನುಣ್ಣಗೆ ಮಾಡಿಬಿಡುತ್ತಾರೆ. ಮುಖಗಳು ಮೇಣದ ಹಾಗೆ ಹೊಳೆಯಲು ಶುರುವಾಗುತ್ತವೆ. ಇಲ್ಲಿ ಹಾಗೆ ಮಾಡಿಲ್ಲ, ಕೈಕೆಲಸದ ಒರಟನ್ನು ಉಳಿಸಿದ್ದಾರೆ. ಇದಕ್ಕೆ ನನ್ನ ಪೂರ್ತಿ ಅಂಕ.

ಇನ್ನು ಕುಂಭಕರ್ಣ. ಈ ಚಿತ್ರ ನೋಡಿದ ಯಾರನ್ನೇ ಕೇಳಿ, ಮೊದಲು ನೆನಪಾಗುವುದು ಅವನೇ. ಟಿವಿಯಲ್ಲಿ ಅವನು ದೊಡ್ಡವನು ಎಂದು ಗೊತ್ತಾಗುತ್ತಿತ್ತು. ಥಿಯೇಟರ್‌ನಲ್ಲಿ ಅವನು ಎಷ್ಟು ಭಾರ ಎಂದು ಗೊತ್ತಾಗುತ್ತದೆ. ಅವನನ್ನು ಬಿಡಿಸಿದವರು ವೇಗದಿಂದ ಹೆದರಿಸುವುದಿಲ್ಲ, ನಿಧಾನದಿಂದ ಹೆದರಿಸುತ್ತಾರೆ. ಹೆಜ್ಜೆ ಎತ್ತುವುದಕ್ಕೆ ಹೊತ್ತು ಬೇಕು, ಇಡುವುದಕ್ಕೆ ಹೊತ್ತು ಬೇಕು. ಇಟ್ಟ ಮೇಲೆ ಮೈಯೆಲ್ಲ ಒಂದು ಕ್ಷಣ ತಡೆದು ಅಲುಗುತ್ತದೆ. ಆಳೆತ್ತರದ ವಾನರರು ಅವನ ಮೈಮೇಲೆ ಹತ್ತುತ್ತಿದ್ದರೂ ಅವನಿಗೆ ಅದು ಲೆಕ್ಕಕ್ಕೇ ಇಲ್ಲ. ದೊಡ್ಡದನ್ನು ದೊಡ್ಡದು ಎಂದು ತೋರಿಸಲು ಪಕ್ಕದಲ್ಲಿ ಚಿಕ್ಕದು ಇರಬೇಕು, ಚಿಕ್ಕದಕ್ಕೂ ಜೀವ ಇರಬೇಕು. ಪ್ರತಿ ವಾನರನೂ ಬೇರೆ ಬೇರೆ ಓಡುತ್ತಾನೆ, ಬೇರೆ ಬೇರೆ ಬೀಳುತ್ತಾನೆ. ಇದನ್ನೆಲ್ಲ ಯಾರೋ ಮೇಜಿನ ಮುಂದೆ ಕೂತು ಪೆನ್ಸಿಲ್ ಹಿಡಿದು ಒಂದೊಂದೇ ಹಾಳೆಯಲ್ಲಿ ಬಿಡಿಸಿದ್ದಾರೆ. ನನ್ನ ಹಿಂದಿನ ಸಾಲಿನಲ್ಲಿ ಕಾಲೇಜು ಹುಡುಗರ ಗುಂಪೊಂದು ಅಲ್ಲಿಯವರೆಗೆ ಮಾತಾಡುತ್ತಲೇ ಇತ್ತು. ಕುಂಭಕರ್ಣ ಎದ್ದು ನಿಂತ ಮೇಲೆ ಒಬ್ಬನೂ ಬಾಯಿ ಬಿಡಲಿಲ್ಲ.

ನನಗೆ ಅದಕ್ಕಿಂತ ಇಷ್ಟವಾಗಿದ್ದು ಚಿಕ್ಕ ಚಿಕ್ಕ ವಿಷಯಗಳು. ಕೈ ಮುಗಿಯುವ ರೀತಿ ನೋಡಿ. ಹೊರದೇಶದವರು ನಮ್ಮ ಕಥೆ ಬಿಡಿಸಿದಾಗ ಸಾಮಾನ್ಯವಾಗಿ ಅಂಗೈ ಎರಡನ್ನೂ ಅಂಟಿಸಿ ತಲೆ ಬಗ್ಗಿಸಿಬಿಡುತ್ತಾರೆ, ಮುಗೀತು. ಇಲ್ಲಿ ಮಗ ತಂದೆಗೆ ಮುಗಿಯುವುದು ಒಂದು ಥರ, ಋಷಿಗೆ ಮುಗಿಯುವುದು ಇನ್ನೊಂದು ಥರ. ಧೋತ್ರದ ನೆರಿಗೆ ನಡೆಯುವಾಗ ಹೇಗೆ ಬೀಳಬೇಕೋ ಹಾಗೇ ಬೀಳುತ್ತದೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರು ಏಳುವಾಗ ಕೈ ಎಲ್ಲಿ ಊರುತ್ತಾರೆ ಎಂಬುದೂ ಸರಿಯಾಗಿದೆ. ಇದು ತಾನಾಗೇ ಬಂದದ್ದಲ್ಲ. ಉಡುಪು, ನಡಿಗೆ, ಕೂರುವ ರೀತಿ, ನಮಸ್ಕಾರ ಹೀಗೆ ಒಂದೊಂದನ್ನೂ ಭಾರತದ ಕಡೆಯವರು ಜಪಾನಿನ ಕಲಾವಿದರಿಗೆ ತಿಳಿಸಿಕೊಟ್ಟರು. ಆ ಕೆಲಸದಲ್ಲಿ ರಾಮ್ ಮೋಹನ್ ಅವರ ಪಾಲು ದೊಡ್ಡದು. 1956ರಿಂದಲೇ ಸರ್ಕಾರದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ವಿಭಾಗದಲ್ಲಿ ಕೆಲಸ ಕಲಿತವರು ಅವರು. ಯುನಿಸೆಫ್‌ಗಾಗಿ ಮೀನಾ ಎಂಬ ಕಾರ್ಟೂನ್ ಹುಡುಗಿ ಮತ್ತು ಅವಳ ಗಿಳಿ ಮಿಟ್ಟೂವನ್ನು ಸೃಷ್ಟಿಸಿದವರೂ ಅವರೇ. ಮೀನಾ ನೆನಪಿದೆ ಅಲ್ವಾ? ಇವೆರಡರ ಹಿಂದೆ ಇದ್ದದ್ದು ಒಂದೇ ಕೈ ಎಂದು ನಮ್ಮಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ.

ಈ ಚಿತ್ರ ಹುಟ್ಟಿದ ಕಥೆಯನ್ನು ಚೂರು ಹೇಳಲೇಬೇಕು. 1983ರಲ್ಲಿ ಯೂಗೋ ಸಾಕೋ ಪುರಾತತ್ವ ತಜ್ಞ ಬಿ.ಬಿ. ಲಾಲ್ ಅವರ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಭಾರತಕ್ಕೆ ಬಂದಿದ್ದರು. ಅಲ್ಲಿ ರಾಮಾಯಣ ಅವರನ್ನು ಹಿಡಿದುಕೊಂಡಿತು. ಜಪಾನಿ ಭಾಷೆಯಲ್ಲಿ ಸಿಕ್ಕಿದ ಬೇರೆ ಬೇರೆ ರಾಮಾಯಣಗಳನ್ನೆಲ್ಲ ಓದಿದರು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ತಪ್ಪಾಗಿ ತಿಳಿದುಕೊಂಡು ವಿಶ್ವ ಹಿಂದೂ ಪರಿಷತ್ ವಿರೋಧ ಪತ್ರ ಬರೆಯಿತು. ಹೊರದೇಶದವರು ನಮ್ಮ ರಾಮಾಯಣವನ್ನು ತಮಗೆ ಬೇಕಾದ ಹಾಗೆ ಸಿನಿಮಾ ಮಾಡಬಾರದು ಎಂದು. ಸಾಕೋ ಕೂತು ಮಾತಾಡಿ ಅವರನ್ನು ಒಪ್ಪಿಸಿದರು. ಭಾರತ ಸರ್ಕಾರದ ಜೊತೆ ಸೇರಿ ಮಾಡುವ ಪ್ರಯತ್ನ ಮಾತ್ರ ಆಗಲಿಲ್ಲ. ರಾಮನನ್ನು ಕಾರ್ಟೂನ್ ಮಾಡುವುದಾ ಎಂಬ ಅಳುಕು ಆಗ ಇತ್ತು. ಕೊನೆಗೆ ಹಣವನ್ನು ಜಪಾನಿನಲ್ಲೇ ಹೊಂದಿಸಿದರು. 1992ರ ಡಿಸೆಂಬರ್ ತಿಂಗಳ ಅಯೋಧ್ಯೆ ಗಲಾಟೆಯ ಬೆನ್ನಿಗೇ, 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಹೊತ್ತಿನಲ್ಲಿ ಬಂದ ಚಿತ್ರಕ್ಕೆ ಊರೂರಿನ ಥಿಯೇಟರ್ ಸಿಗಲಿಲ್ಲ. ಸಾಕೋ 2012ರಲ್ಲಿ ತೀರಿಕೊಂಡರು, ರಾಮ್ ಮೋಹನ್ 2019ರಲ್ಲಿ, ಸಂಗೀತ ಕೊಟ್ಟ ವನರಾಜ್ ಭಾಟಿಯಾ 2021ರಲ್ಲಿ. ತಮ್ಮ ಚಿತ್ರಕ್ಕೆ ಭಾರತದಲ್ಲಿ ಜನ ಟಿಕೆಟ್ ತೆಗೆದುಕೊಂಡು ಸಾಲಾಗಿ ಹೋಗಿ ಕೂತದ್ದನ್ನು ಈ ಮೂವರೂ ನೋಡಲಿಲ್ಲ. ಇದು ನನಗೆ ತುಂಬ ಬೇಜಾರಿನ ವಿಷಯ.

ಈಗ ಧ್ವನಿಯ ವಿಷಯಕ್ಕೆ ಬರೋಣ, ಜಗಳ ಇರುವುದೇ ಇಲ್ಲಿ. ಟಿವಿಯಲ್ಲಿ ನಾವು ಕೇಳಿದ ಹಿಂದಿ ಆವೃತ್ತಿಯಲ್ಲಿ ರಾಮನಿಗೆ ಅರುಣ್ ಗೋವಿಲ್ ಧ್ವನಿ, ರಾವಣನಿಗೆ ಅಮರೀಶ್ ಪುರಿ, ಕಥೆ ಹೇಳುವುದು ಶತ್ರುಘ್ನ ಸಿನ್ಹಾ. ಅರುಣ್ ಗೋವಿಲ್ ಎಂದರೆ ದೂರದರ್ಶನದ 1987ರ ರಾಮನೇ. ಹಿಂದಿ ಅರ್ಧಂಬರ್ಧ ಅರ್ಥವಾಗುತ್ತಿದ್ದ ನಮ್ಮ ಮನೆಗಳಲ್ಲೂ ಆ ಧ್ವನಿ ಕೇಳಿದರೆ ಅಜ್ಜಿಯಂದಿರು ಕೈ ಮುಗಿಯುತ್ತಿದ್ದರು. ಥಿಯೇಟರ್‌ಗೆ ಬಂದ ಹಿಂದಿ ಆವೃತ್ತಿಯಲ್ಲಿ ಆ ಧ್ವನಿಗಳಿಲ್ಲ, ಹೊಸದಾಗಿ ಡಬ್ ಮಾಡಿದ್ದಾರೆ. ಹೊಸ ಕಲಾವಿದರು ಕೆಟ್ಟದಾಗಿ ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ, ಶ್ರದ್ಧೆಯಿಂದಲೇ ಮಾಡಿದ್ದಾರೆ. ಆದರೆ ಅಮರೀಶ್ ಪುರಿಯ ರಾವಣ ಕಿವಿಯಲ್ಲಿ ಕೂತಿರುವವರಿಗೆ ಬೇರೆ ಯಾರು ಗುಡುಗಿದರೂ ಸಾಲುವುದಿಲ್ಲ. ಹಳೆಯ ಧ್ವನಿಗಾಗಿಯೇ ಹೋಗುವವರು ನಿರಾಸೆ ಆಗುತ್ತಾರೆ. ಇದನ್ನು ಜಾಹೀರಾತಿನಲ್ಲಿ ಸ್ಪಷ್ಟವಾಗಿ ಹೇಳಬೇಕಿತ್ತು.

ನಾನು ಇಂಗ್ಲಿಷ್ ನೋಡಿ ಎಂದಿದ್ದು ಇದಕ್ಕೇ. ಅದು ಮೂಲದ ಹತ್ತಿರ ಇರುವ ಆವೃತ್ತಿ. ಚಿತ್ರವನ್ನು ಮೊದಲು ಇಂಗ್ಲಿಷ್ ಮಾತಿಗೇ ಮಾಡಿದ್ದರು, ಭಾರತದ ರಂಗಭೂಮಿಯವರ ಧ್ವನಿ ಅದರಲ್ಲಿದೆ. ಮಾತು ನಮ್ಮ ಕಾನ್ವೆಂಟ್ ಇಂಗ್ಲಿಷ್ ಥರ, ಒಂದೆರಡು ಕಡೆ ನಾಟಕೀಯ ಅನಿಸುತ್ತದೆ. ಆದರೆ ಹಾಡುಗಳು ಸಂಸ್ಕೃತದಲ್ಲಿವೆ! ವನರಾಜ್ ಭಾಟಿಯಾ ಸಂಗೀತಕ್ಕೆ ಸಂಸ್ಕೃತ ಎಷ್ಟು ಚೆನ್ನಾಗಿ ಕೂತಿದೆ ಎಂದರೆ, ಹಾಡು ಬಂದಾಗಲೆಲ್ಲ ಚಿತ್ರ ಜಪಾನಿನದೂ ಅಲ್ಲ, ಇಂಗ್ಲಿಷಿನದೂ ಅಲ್ಲ, ನೇರವಾಗಿ ನಮ್ಮ ದೇವಸ್ಥಾನದ ಪ್ರಾಂಗಣಕ್ಕೆ ಬಂದುಬಿಡುತ್ತದೆ. ಸೇತುವೆ ಕಟ್ಟುವ ಭಾಗವನ್ನು ಒಳ್ಳೆ ಸ್ಪೀಕರ್ ಇರುವ ಕಡೆ ಕೇಳಿ. ಕೋರಸ್ ಏರುತ್ತಾ ಹೋಗುವುದು, ಬಂಡೆಗಳು ನೀರಿಗೆ ಬೀಳುವುದು, ಎರಡೂ ಒಂದೇ ಲಯದಲ್ಲಿ ಬರುತ್ತವೆ.

ಆದರೆ ಇಂಗ್ಲಿಷ್ ಶೋಗೆ ನಾನು ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಆರು ವರ್ಷದ ಹುಡುಗ. ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾನೆ, ಆದರೆ ದಶರಥ ಕೈಕೇಯಿ ನಡುವಿನ ಮಾತು ಅರ್ಥ ಮಾಡಿಕೊಳ್ಳುವಷ್ಟು ಅಲ್ಲ. "ಮಾಮ, ಅವರು ಯಾಕೆ ಅಳ್ತಿದಾರೆ?" "ಮಾಮ, ಈಗ ಏನಂದ?" ನಾನು ಕಿವಿಯಲ್ಲಿ ಪಿಸುಗುಟ್ಟಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹೇಳಿ ಮುಗಿಸುವಷ್ಟರಲ್ಲಿ ದೃಶ್ಯ ಮುಂದಕ್ಕೆ ಹೋಗಿರುತ್ತಿತ್ತು. ಸುತ್ತ ನೋಡಿದರೆ ಬೇರೆ ಅಪ್ಪ ಅಮ್ಮಂದಿರೂ ಅದೇ ಕೆಲಸದಲ್ಲಿದ್ದರು. ಕತ್ತಲಲ್ಲಿ ಎಲ್ಲ ಕಡೆಯಿಂದ ಮೆಲ್ಲಗೆ ಕನ್ನಡ ಕೇಳುತ್ತಿತ್ತು, ಪರದೆಯ ಮೇಲೆ ಮಾತ್ರ ಇಲ್ಲ.

ಇದು ಬೆಂಗಳೂರಿನಲ್ಲಿ. ಕಿಷ್ಕಿಂಧೆ ಎಂದರೆ ಆನೆಗೊಂದಿ, ಹನುಮ ಹುಟ್ಟಿದ್ದು ಅಂಜನಾದ್ರಿಯಲ್ಲಿ ಎಂದು ಹೇಳಿಕೊಂಡು ಬೆಳೆದ ರಾಜ್ಯದ ರಾಜಧಾನಿಯಲ್ಲಿ. ಮಕ್ಕಳಿಗಾಗಿ ಬಂದ ರಾಮಾಯಣ ನಾಲ್ಕು ಭಾಷೆಯಲ್ಲಿದೆ, ಇಲ್ಲಿನ ಮಕ್ಕಳ ಭಾಷೆಯಲ್ಲಿಲ್ಲ. ನನಗೆ ಇದು ಸಣ್ಣ ಕೊರತೆ ಅನಿಸಲಿಲ್ಲ. ತಮಿಳು, ತೆಲುಗಿನಲ್ಲಿ ಬಂದ ಮೇಲೆ ಕನ್ನಡಕ್ಕೆ ಮಾಡುವುದು ಎಷ್ಟು ಕಷ್ಟದ ಕೆಲಸ? ಚಿತ್ರ ಸಿದ್ಧ ಇದೆ, ಸಂಗೀತ ಸಿದ್ಧ ಇದೆ, ಬೇಕಾಗಿರುವುದು ಒಳ್ಳೆ ಬರಹಗಾರ ಮತ್ತು ಧ್ವನಿ.

ಇದಕ್ಕೆ ಒಂದು ಹಿನ್ನೆಲೆ ಇದೆ, ಗೊತ್ತು. ಅರವತ್ತರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಮದ್ರಾಸಿನ ಸ್ಟುಡಿಯೋಗಳನ್ನೇ ನಂಬಿಕೊಂಡಿತ್ತು. ಡಬ್ಬಿಂಗ್ ಬಂದರೆ ನಮ್ಮ ಕಲಾವಿದರ ಕೆಲಸ ಹೋಗುತ್ತದೆ ಎಂದು ಹೋರಾಟ ಮಾಡಿ ನಿಲ್ಲಿಸಿದರು. ಆ ಕಾಲಕ್ಕೆ ಅದರಲ್ಲಿ ಅರ್ಥ ಇತ್ತು ಎಂದೇ ನಾನು ನಂಬುತ್ತೇನೆ. ಆದರೆ ಆ ತಡೆ ದಶಕಗಟ್ಟಲೆ ಮುಂದುವರಿಯಿತು. ಅದರಲ್ಲಿ ಹೆಚ್ಚು ಕಳೆದುಕೊಂಡವರು ಮಕ್ಕಳು. 1993ರಲ್ಲಿ ದೂರದರ್ಶನದಲ್ಲಿ ಜಪಾನಿನವರೇ ಮಾಡಿದ ಮೋಗ್ಲಿ ಬಂದಾಗ ಶೇರ್ ಖಾನ್‌ಗೆ ನಾನಾ ಪಾಟೇಕರ್ ಧ್ವನಿ ಇತ್ತು, ಹಿಂದಿಯಲ್ಲಿ. ಭಾನುವಾರ ಬೆಳಿಗ್ಗೆ ಹಲ್ಲುಜ್ಜದೆ ಟಿವಿ ಮುಂದೆ ಕೂತ ನಮಗೆ ಅದು ಪೂರ್ತಿ ಅರ್ಥವಾಗುತ್ತಿರಲಿಲ್ಲ, ಬಾಯಿಪಾಠ ಮಾತ್ರ ಆಗಿತ್ತು. 2009ರಲ್ಲಿ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡಲು ಶುರು ಮಾಡಿದವು. 2015ರಲ್ಲಿ ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಭಾರತದ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ ಬಂದಾಗ ಮನೆಮನೆಯಲ್ಲಿ ಮಕ್ಕಳು ಕೃಷ್ಣನ ಥರ ಮಾತಾಡುತ್ತಿದ್ದರು. ಅಂದ ಮೇಲೆ ಇನ್ನು ಯಾವ ಅಡ್ಡಿಯೂ ಉಳಿದಿಲ್ಲ ಅಲ್ವಾ?

ಉಳಿದಿಲ್ಲ ಎಂಬುದಕ್ಕೆ ಈ ರಾಮಾಯಣ ಥಿಯೇಟರ್‌ಗೆ ಬಂದ ವರ್ಷದಲ್ಲೇ ಉತ್ತರ ಸಿಕ್ಕಿತು. 2025ರ ಜುಲೈ 25ಕ್ಕೆ 'ಮಹಾವತಾರ ನರಸಿಂಹ' ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದ್ದು ನಮ್ಮ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಅದು ಕನ್ನಡದಲ್ಲೂ ಬಂತು. ನಾನು ಅದೇ ಹುಡುಗನನ್ನು ಕರೆದುಕೊಂಡು ಹೋದೆ. ಈ ಸಲ ಒಂದೂ ಪ್ರಶ್ನೆ ಇಲ್ಲ. ಹಿರಣ್ಯಕಶಿಪು ಕಂಬ ತೋರಿಸಿ ಕೇಳುವಾಗ ಸೀಟಿನ ತುದಿಗೆ ಬಂದು ಕೂತಿದ್ದ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅಣ್ಣಾವ್ರ ಹಿರಣ್ಯಕಶಿಪು ಮತ್ತು ಪುಟ್ಟ ಅಪ್ಪುವನ್ನು ನೋಡಿ ಬೆಳೆದ ನಮ್ಮಕ್ಕ ಪಕ್ಕದಲ್ಲಿದ್ದಳು. ಅವಳಿಗೆ ಹೋಲಿಸುವ ಸಂಭ್ರಮ, ಅವನಿಗೆ ಮೊದಲ ಸಲ ಕಾಣುವ ಸಂಭ್ರಮ. ಚಿತ್ರಕಲೆಯ ದೃಷ್ಟಿಯಿಂದ ನನ್ನ ಮತ ಈಗಲೂ ಜಪಾನಿನ ರಾಮಾಯಣಕ್ಕೇ. ನರಸಿಂಹದ 3ಡಿಯಲ್ಲಿ ಮುಖಗಳು ಕೆಲವು ಕಡೆ ಗೊಂಬೆ ಮುಖಗಳೇ, ಕೊನೆಯ ಭಾಗ ಮಾತ್ರ ಮೈ ಜುಂ ಎನ್ನಿಸುತ್ತದೆ. ಆದರೆ ಮಕ್ಕಳ ಪಾಲಿಗೆ ಯಾವ ಸಂಜೆ ಗೆದ್ದಿತು ಎಂದು ಕೇಳಿದರೆ ನರಸಿಂಹ. ಕಾರಣ ಭಾಷೆ.

ಕನ್ನಡದಲ್ಲಿ ರಾವಣನ ಮಾತು ಬರೆಯಲು ಜನ ಇಲ್ಲ ಎಂದು ಯಾರೂ ಹೇಳಬೇಡಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ಒಂದು ರಾತ್ರಿ ಕೇಳಿ. ವೇಷ ಇಲ್ಲ, ಬಣ್ಣ ಇಲ್ಲ, ಸುಮ್ನೆ ಕೂತಲ್ಲೇ ಮಾತಿನಲ್ಲಿ ಲಂಕೆ ಕಟ್ಟುತ್ತಾರೆ. ಅಂಥ ಒಬ್ಬರನ್ನು ಮೈಕ್ ಮುಂದೆ ಕೂರಿಸಿ ಈ ಚಿತ್ರದ ರಾವಣನಿಗೆ ಧ್ವನಿ ಕೊಡಿಸಿದರೆ ಹೇಗಿರುತ್ತದೆ ಎಂದು ನಾನು ಥಿಯೇಟರ್‌ನಲ್ಲೇ ಯೋಚಿಸುತ್ತಿದ್ದೆ. ಯಾಕೆಂದರೆ ಇಲ್ಲಿನ ರಾವಣ ಬರೀ ಅಬ್ಬರಿಸುವ ರಾಕ್ಷಸ ಅಲ್ಲ, ಅವನಿಗೆ ಗತ್ತು ಇದೆ.

ಥಿಯೇಟರ್ ಬಗ್ಗೆಯೂ ಹೇಳಬೇಕು. ನಾನು ಹೋದದ್ದು ಮಾಲ್ ಒಂದರ ಮಲ್ಟಿಪ್ಲೆಕ್ಸ್, ಹೆಸರು ಬೇಡ. ಮೊದಲ ಅರ್ಧ ಗಂಟೆ ಚಿತ್ರ ಮಂಕಾಗಿತ್ತು, ರಾತ್ರಿಯ ದೃಶ್ಯದಲ್ಲಿ ಏನೂ ಕಾಣುತ್ತಿರಲಿಲ್ಲ. ಹೊರಗೆ ಹೋಗಿ ಹೇಳಿದ ಮೇಲೆ ಸರಿ ಮಾಡಿದರು. ಹಳೆಯ ಕಾರ್ಟೂನ್ ತಾನೇ, ಹೀಗೇ ಇರುತ್ತದೆ ಎಂದು ಅಲ್ಲಿನವರು ಅಂದುಕೊಂಡಿದ್ದರಂತೆ. ನಿಮಗೂ ಹಾಗಾದರೆ ಸುಮ್ಮನೆ ಕೂರಬೇಡಿ, ಎದ್ದು ಹೋಗಿ ಹೇಳಿ. ಈ ಚಿತ್ರ ಮಂಕಲ್ಲ. ಶೋ ಸಮಯಗಳೂ ಮಕ್ಕಳಿಗೆ ಹೊಂದುವಂತೆ ಇರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು. ಶಾಲೆಗೆ ಹೋಗುವ ಮಕ್ಕಳು ರಾತ್ರಿ ಹತ್ತಕ್ಕೆ ರಾಮಾಯಣ ನೋಡುತ್ತಾರಾ?

ಚಿತ್ರದಲ್ಲಿ ಕೊರತೆ ಇಲ್ಲವೇ ಇಲ್ಲ ಅಂತಲ್ಲ. ಮೊದಲ ಭಾಗ ಓಡುತ್ತದೆ. ವಿಶ್ವಾಮಿತ್ರರು ಬಂದರು, ತಾಟಕಿ ಸತ್ತಳು, ಬಿಲ್ಲು ಮುರಿಯಿತು, ಮದುವೆ ಆಯಿತು, ಎಲ್ಲ ಬೇಗ ಬೇಗ. ಕಥೆ ಗೊತ್ತಿರುವ ನಮಗೆ ಸರಿ, ಗೊತ್ತಿಲ್ಲದ ಮಗುವಿಗೆ ಯಾರು ಯಾರು ಎಂದು ಗುರುತು ಹಿಡಿಯಲು ಪುರುಸೊತ್ತೇ ಸಿಗುವುದಿಲ್ಲ. ಹೆಂಗಸರ ಪಾತ್ರಗಳಿಗೆ ಜಾಗ ಕಡಿಮೆ. ಸೀತೆಯ ಅಶೋಕವನದ ಭಾಗ ಇನ್ನೂ ಸ್ವಲ್ಪ ಇರಬೇಕಿತ್ತು ಅನಿಸಿತು. ಉತ್ತರಕಾಂಡಕ್ಕೆ ಹೋಗುವುದಿಲ್ಲ, ಮಕ್ಕಳ ಚಿತ್ರಕ್ಕೆ ಅದೇ ಸರಿ. ಯುದ್ಧ ಮಾತ್ರ ಉದ್ದ. ಆದರೆ ಯುದ್ಧದಲ್ಲಿ ಸಾಯುವವರಿಗೆ ಮುಖ ಕೊಟ್ಟಿದ್ದಾರೆ, ಬಿದ್ದವರ ನಡುವೆ ರಾಮ ಸುಮ್ಮನೆ ನಿಲ್ಲುತ್ತಾನೆ. ಗೆದ್ದೆವು ಎಂಬ ಕುಣಿತಕ್ಕಿಂತ ಇಷ್ಟು ಜನ ಹೋದರಲ್ಲ ಎಂಬ ಸಂಕಟ ಜಾಸ್ತಿ ಕಾಣುತ್ತದೆ. ನಮ್ಮ ಎಷ್ಟೋ ಪೌರಾಣಿಕ ಸಿನಿಮಾಗಳಲ್ಲಿ ನಾನು ಇದನ್ನು ಕಂಡಿಲ್ಲ.

ಹಾಗಾಗಿ ಹಣ ಕೊಟ್ಟು ನೋಡುವಂಥದ್ದಾ ಎಂದು ಕೇಳುವವರಿಗೆ: ಹೌದು, ಕಣ್ಣು ಮುಚ್ಚಿಕೊಂಡು ಹೌದು. ದೊಡ್ಡವರಿಗೆ ಇಂಗ್ಲಿಷ್ ಆವೃತ್ತಿ. ಮನೆಯಲ್ಲಿ ತೆಲುಗು, ತಮಿಳು ಬರುವ ಮಕ್ಕಳಿದ್ದರೆ ಆ ಶೋಗೆ ಹೋಗಿ. ಕನ್ನಡ ಮಾತ್ರ ಬರುವ ಮಕ್ಕಳಿಗೆ ಹಿಂದಿನ ರಾತ್ರಿಯೇ ಕಥೆ ಹೇಳಿಟ್ಟುಕೊಳ್ಳಿ, ಹೆಸರುಗಳ ಸಮೇತ. ಆಗ ಥಿಯೇಟರ್‌ನಲ್ಲಿ ಪಿಸುಗುಟ್ಟುವ ಕೆಲಸ ಅರ್ಧ ಕಡಿಮೆ ಆಗುತ್ತದೆ. ಐದು ವರ್ಷಕ್ಕಿಂತ ಚಿಕ್ಕವರು ಬೇಡ, ಯುದ್ಧದ ಭಾಗದಲ್ಲಿ ಹೆದರುತ್ತಾರೆ. ವಿತರಕರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ಒಂದೇ ಕೋರಿಕೆ: ಮುಂದಿನ ಸಲ ಕನ್ನಡದಲ್ಲಿ ತನ್ನಿ, ಹಗಲಿನ ಶೋ ಇಡಿ, ನಾನು ನಮ್ಮ ಬೀದಿಯ ಮಕ್ಕಳನ್ನೆಲ್ಲ ಕರೆದುಕೊಂಡು ಬರುತ್ತೇನೆ. ಹಾಂ, ಕುಂಭಕರ್ಣ ಬರುವುದು ಇಂಟರ್ವಲ್ ಆದ ಮೇಲೆ. ನೀರು, ಬಾತ್‌ರೂಮ್ ಎಲ್ಲ ಅಷ್ಟರೊಳಗೆ ಮುಗಿಸಿಕೊಳ್ಳಿ.